ಸಿಕ್ಕೀತೆ ಸೀಟು?

ಗುಂಡ್ಲುಪೇಟೆಯ ಸೀಮೆಯಲ್ಲಿ ಜೂನ್, ಜುಲೈ ತಿಂಗಳುಗಳೆಂದರೆ ಹೂವಿನ ಕಾಲ. ಊಟಿಗೂ ವಯನಾಡಿಗೂ ಹೋಗುವ ಹೆದ್ದಾರಿಗಳ ಮಗ್ಗುಲಲ್ಲಿ ಚೆಂಡುಹೂವೂ ಸೂರ್ಯಕಾಂತಿಯೂ ಅರಳಿ ನಿಂತಿರುತ್ತವೆ. ದಾರಿಹೋಕರು ಕಾರು ನಿಲ್ಲಿಸಿ, ಹೊಲದೊಳಗೆ ಇಳಿದು ಚಿತ್ರ ತೆಗೆದುಕೊಳ್ಳುತ್ತಾರೆ. ಆದರೆ ಎರಡನೆಯ ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಆ ದಿನಗಳಲ್ಲಿ ಹೂವಿನ ಕಡೆಗೆ ಯಾರ ಮನಸ್ಸೂ ಹೋಗದು. ಗುಂಡ್ಲುಪೇಟೆಯಲ್ಲಾಗಲಿ ಚಾಮರಾಜನಗರದಲ್ಲಾಗಲಿ, ಜಗಲಿಯ ಮೇಲೆ ಕುಳಿತವರ ಬಾಯಲ್ಲಿ ಒಂದೇ ಪ್ರಶ್ನೆ: ‘ಸೀಟು ಸಿಕ್ಕೀತೆ?’

ಈ ಪ್ರಶ್ನೆಗೆ ಉತ್ತರ ಹೇಳುವವರಿಗೇನೂ ಕೊರತೆಯಿಲ್ಲ. ನೆಂಟರು ಹೇಳುತ್ತಾರೆ, ನೆರೆಯವರು ಹೇಳುತ್ತಾರೆ, ತರಬೇತಿ ಕೇಂದ್ರದ ಗುಮಾಸ್ತೆ ಹೇಳುತ್ತಾನೆ. “ಆರುನೂರು ಬಂದಿದೆಯಂತಲ್ಲ ಅಕ್ಕ, ಮಗಳು ಡಾಕ್ಟರೇ ಆದಳು ಬಿಡಿ” ಎಂದು ಒಬ್ಬರು ಸಕ್ಕರೆ ಬಾಯಿಗೆ ಹಾಕಿದರೆ, “ಆರುನೂರಕ್ಕೆಲ್ಲ ಈಗ ಏನು ಸಿಗುತ್ತದೆ?” ಎಂದು ಇನ್ನೊಬ್ಬರು ಅದನ್ನು ಕಹಿ ಮಾಡುತ್ತಾರೆ. ವಿಚಿತ್ರವೆಂದರೆ ಈ ಇಬ್ಬರ ಮಾತೂ ಒಂದೊಂದು ವರ್ಷದಲ್ಲಿ ನಿಜವಾಗಿತ್ತು. ಆದರೆ ಅದು ಯಾವ ವರ್ಷ, ಯಾರಿಗೆ, ಯಾವ ಪಟ್ಟಿಯಲ್ಲಿ ನಿಜವಾಗಿತ್ತು ಎಂಬುದನ್ನು ಇಬ್ಬರೂ ವಿಚಾರಿಸಿರುವುದಿಲ್ಲ.

ಪ್ರವೇಶದ ಸಾಧ್ಯತೆಯನ್ನು ತೂಗುವುದು ಜಾತಕ ನೋಡುವ ವಿದ್ಯೆಯಲ್ಲ. ಅದು ಕೂಡುವ, ಕಳೆಯುವ ಲೆಕ್ಕ. ಆ ಲೆಕ್ಕಕ್ಕೆ ಬೇಕಾದ ಅಂಕಿಗಳು ಬಹುಪಾಲು ಬಹಿರಂಗವಾಗಿಯೇ ಪ್ರಕಟವಾಗುತ್ತವೆ. ಅವನ್ನು ಓದಲು ಬಲ್ಲ ತಂದೆತಾಯಿಗಳು ಮಕ್ಕಳ ಒಂದು ವರ್ಷವನ್ನೂ ಮನೆಯ ಹಣವನ್ನೂ ಉಳಿಸಬಲ್ಲರು. ಓದಲಾರದವರು ಒಂದು ಬೆಳೆ ಅರಿಶಿನದ ದುಡ್ಡನ್ನು ಬರಿಯ ಊಹೆಯ ಮೇಲೆ ಸುರಿಯಬೇಕಾಗುತ್ತದೆ.

ಅಂಕ ಬೇರೆ, ರ‍್ಯಾಂಕು ಬೇರೆ

ಮೊತ್ತಮೊದಲು ಮನಸ್ಸಿನಿಂದ ತೆಗೆದುಹಾಕಬೇಕಾದದ್ದು ‘ಇಷ್ಟು ಅಂಕಕ್ಕೆ ಇಂಥ ಸೀಟು’ ಎಂಬ ಭಾವನೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ ಒಟ್ಟು ಅಂಕ 720. 2024ರಲ್ಲಿ ಈ ಪರೀಕ್ಷೆಯಲ್ಲಿ 600 ಅಂಕ ಪಡೆದ ವಿದ್ಯಾರ್ಥಿಯ ಅಖಿಲ ಭಾರತ ರ‍್ಯಾಂಕು ಸುಮಾರು 80,000ದ ಆಸುಪಾಸಿನಲ್ಲಿ ಬಿದ್ದಿತು. ಮರುವರ್ಷ, 2025ರಲ್ಲಿ, ಅದೇ 600 ಅಂಕ ಪಡೆದವರು ಸುಮಾರು 1,300ರ ಆಸುಪಾಸಿನಲ್ಲಿ ನಿಂತರು. 2024ರ ಮೊದಲ ಫಲಿತಾಂಶದಲ್ಲಿ 67 ಮಂದಿಗೆ ಪೂರ್ಣ 720 ಅಂಕ ಬಂದಿತ್ತು. ನ್ಯಾಯಾಲಯದ ವಿಚಾರಣೆಯ ತರುವಾಯ ಪರಿಷ್ಕೃತ ಫಲಿತಾಂಶ ಹೊರಬಿದ್ದಾಗ ಆ ಸಂಖ್ಯೆ 17ಕ್ಕೆ ಇಳಿಯಿತು. 2025ರಲ್ಲಾದರೋ ಪ್ರಶ್ನೆಪತ್ರಿಕೆ ಕಠಿನವಾಗಿತ್ತು. ದೇಶಕ್ಕೇ ಮೊದಲಿಗನಾದವನ ಅಂಕವೇ 686. ಒಂದೇ ಅಂಕವು ಒಂದು ವರ್ಷ ನಿರಾಶೆಯನ್ನೂ ಮರುವರ್ಷ ಮಂಗಳಾರತಿಯನ್ನೂ ತಂದುಕೊಟ್ಟ ಬಗೆ ಇದು.

ಅರ್ಹತೆಯ ಅಂಕವೂ ಹೀಗೆಯೇ ಏರಿಳಿಯುತ್ತದೆ. ಸಾಮಾನ್ಯ ವರ್ಗದವರಿಗೆ 2022ರಲ್ಲಿ 117, 2023ರಲ್ಲಿ 137, 2024ರಲ್ಲಿ ಪರಿಷ್ಕರಣೆಯ ನಂತರ 162, 2025ರಲ್ಲಿ 144. ಇಲ್ಲಿ ಓದುಗರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ‘ಅರ್ಹತೆ ಪಡೆದಿದ್ದಾರೆ’ ಎಂಬ ಮಾತಿಗೂ ‘ಸೀಟು ಸಿಗುತ್ತದೆ’ ಎಂಬ ಮಾತಿಗೂ ಬಹಳ ದೂರ. 2025ರಲ್ಲಿ ಪರೀಕ್ಷೆ ಬರೆದವರು 22 ಲಕ್ಷಕ್ಕೂ ಹೆಚ್ಚು. ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳಾದರೋ ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು. ಅವುಗಳಲ್ಲಿಯೂ ಮಧ್ಯಮ ವರ್ಗದವರ ಕೈಗೆಟಕುವ ಸರ್ಕಾರಿ ಸೀಟುಗಳು ಸರಿಸುಮಾರು ಅರ್ಧ.

ಆದಕಾರಣ ಫಲಿತಾಂಶ ಬಂದ ದಿನ ಅಂಕವನ್ನು ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ರ‍್ಯಾಂಕನ್ನು ಮಾತ್ರ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಆ ಸಂಖ್ಯೆಯಿಂದಲೇ ಆರಂಭವಾಗುತ್ತದೆ.

ನೂರೈವತ್ತು ಸೀಟು ಕರಗುವ ಬಗೆ

ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಲ್ಲಿ ಆರಂಭವಾಯಿತು. ಅದರ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್ 7ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಉದ್ಘಾಟಿಸಿದರು. ಸೀಟುಗಳು 150. ‘ನಮ್ಮ ಜಿಲ್ಲೆಯಲ್ಲೇ ನೂರೈವತ್ತು ಸೀಟುಗಳಿವೆ, ನಮ್ಮ ಹುಡುಗಿಗೆ ಒಂದು ಸಿಗಲಾರದೆ?’ ಎಂದು ತಾಯಂದಿರು ಕೇಳುವುದು ಸಹಜ. ಆದರೆ ಈ ಸೀಟುಗಳು ಜಿಲ್ಲೆಯವರಿಗೆಂದು ಮೀಸಲಾದವಲ್ಲ. ಯಾರ ಪಾಲಿಗೆ ಎಷ್ಟು ಎಂಬುದನ್ನು ನೋಡುತ್ತ ಹೋದರೆ ನೂರೈವತ್ತು ಕರಗುವ ಬಗೆ ತಿಳಿಯುತ್ತದೆ.

ಸರ್ಕಾರಿ ಕಾಲೇಜುಗಳ ಸೀಟುಗಳಲ್ಲಿ ಶೇಕಡ 15 ಅಖಿಲ ಭಾರತ ಪಾಲಿಗೆ ಸೇರುತ್ತವೆ. ಅಲ್ಲಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಹೋದವು. ಉಳಿದದ್ದು ಸುಮಾರು 127. ಇವನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ರಾಜ್ಯದ ಅಭ್ಯರ್ಥಿಗಳಿಗೆಲ್ಲ ಹಂಚುತ್ತದೆ. ಬೀದರಿನವರೂ ಕಾರವಾರದವರೂ ಇದಕ್ಕೆ ಸಮಾನ ಹಕ್ಕುದಾರರು. ಪರಿಶಿಷ್ಟ ಜಾತಿಗೆ ಶೇಕಡ 17, ಪರಿಶಿಷ್ಟ ಪಂಗಡಕ್ಕೆ ಶೇಕಡ 7 ಎಂಬುದು 2022ರ ಕಾಯಿದೆಯಿಂದ ಬಂದ ಪ್ರಮಾಣ. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ ಒಂದಕ್ಕೆ 4, ಎರಡು ‘ಎ’ಗೆ 15, ಎರಡು ‘ಬಿ’ಗೆ 4, ಮೂರು ‘ಎ’ಗೆ 4, ಮೂರು ‘ಬಿ’ಗೆ 5 ಎಂದು ಒಟ್ಟು ಶೇಕಡ 32. ಈ ಪ್ರಮಾಣದಂತೆ ಎಣಿಸಿದರೆ 127ರಲ್ಲಿ ಎರಡು ‘ಎ’ ಪ್ರವರ್ಗಕ್ಕೆ ಬರುವವು ಸುಮಾರು 19. ಎಲ್ಲರಿಗೂ ತೆರೆದಿರುವ ಸಾಮಾನ್ಯ ಸೀಟುಗಳು ಸುಮಾರು 55. ಸೈನಿಕರ ಮಕ್ಕಳು, ಕ್ರೀಡಾಪಟುಗಳು, ವಿಕಲಚೇತನರು ಮುಂತಾದವರ ವಿಶೇಷ ಪಾಲನ್ನೂ ಕಳೆದರೆ ಈ ಸಂಖ್ಯೆಗಳು ಇನ್ನಷ್ಟು ಇಳಿಯುತ್ತವೆ.

ಇದೇ ಲೆಕ್ಕವನ್ನು ರಾಜ್ಯದ ಇತರ ಕಾಲೇಜುಗಳಿಗೂ ಹಾಕಬೇಕು. ಅದರಲ್ಲಿ ಒಂದು ವಿಶೇಷವನ್ನು ನೆನಪಿಡಬೇಕು. ಸಂವಿಧಾನದ 371 ‘ಜೆ’ ವಿಧಿಯ ಅನ್ವಯ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇಕಡ 70ರಷ್ಟು ಸೀಟುಗಳು ಆ ಭಾಗದವರಿಗೇ ಮೀಸಲು. ಹೊರಗಿನ ಕಾಲೇಜುಗಳಲ್ಲಿಯೂ ಅವರಿಗೆ ಶೇಕಡ 8ರ ಪಾಲುಂಟು. ಹಳೆಯ ಮೈಸೂರು ಸೀಮೆಯವರು ಕಲಬುರಗಿಯ ಸೀಟುಗಳನ್ನು ತಮ್ಮ ಲೆಕ್ಕದಲ್ಲಿ ಪೂರ್ತಿಯಾಗಿ ಸೇರಿಸಿಕೊಳ್ಳುವಂತಿಲ್ಲ.

ಕಾಲೇಜುಗಳ ನಡುವೆಯೂ ಒಂದು ಕ್ರಮವಿದೆ. ಬೆಂಗಳೂರು ವೈದ್ಯಕೀಯ ಕಾಲೇಜಿನ ಸೀಟುಗಳು ಮೊದಲು ಮುಗಿಯುತ್ತವೆ. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂದ ಮೈಸೂರು ವೈದ್ಯಕೀಯ ಕಾಲೇಜು ಅದರ ಹಿಂದೆಯೇ ಬರುತ್ತದೆ. ಹೊಸ ಕಾಲೇಜುಗಳು ಇವುಗಳ ತರುವಾಯ ತುಂಬುತ್ತವೆ. ಮೈಸೂರು ದಕ್ಕದ ರ‍್ಯಾಂಕಿಗೆ ಚಾಮರಾಜನಗರ ದಕ್ಕಬಹುದೆಂಬ ಆಸೆಗೆ ಆಧಾರವಿರುವುದು ಇಲ್ಲಿಯೇ.

ಓದಿದ ಊರಿನ ಬೆಲೆ

ಇನ್ನು ಈ ಲೆಕ್ಕದಲ್ಲಿ ಬಹಳ ಮನೆಗಳು ಮರೆಯುವ, ಆದರೆ ಚಾಮರಾಜನಗರ ಜಿಲ್ಲೆಯ ಮಟ್ಟಿಗೆ ಬಹು ಮುಖ್ಯವಾದ ಒಂದು ಅಂಶವಿದೆ. ಅದು ಮಗು ಓದಿದ ಶಾಲೆಯ ಊರು.

ರಾಜ್ಯದ ಪಾಲಿನ ಸೀಟುಗಳಲ್ಲಿ, ಪ್ರತಿಯೊಂದು ವರ್ಗದೊಳಗೂ, ಶೇಕಡ 15 ಗ್ರಾಮೀಣ ಅಭ್ಯರ್ಥಿಗಳಿಗೆ, ಶೇಕಡ 5 ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲು. ಗ್ರಾಮೀಣ ಎಂದರೆ ಹಳ್ಳಿಯಲ್ಲಿ ಮನೆಯಿರುವವರು ಎಂದು ಅರ್ಥವಲ್ಲ. ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಹತ್ತೂ ವರ್ಷ, ಪಟ್ಟಣ ಪಂಚಾಯತಿ, ಪುರಸಭೆ, ನಗರಸಭೆ, ಮಹಾನಗರಪಾಲಿಕೆಗಳ ಎಲ್ಲೆಯ ಹೊರಗಿನ ಶಾಲೆಯಲ್ಲಿ ಓದಿದವರು ಎಂದು ಅರ್ಥ. ಕನ್ನಡ ಮಾಧ್ಯಮಕ್ಕೂ ಹತ್ತು ವರ್ಷದ ಇದೇ ನಿಯಮ. ಅದಕ್ಕೆ ಮಾತ್ರ ಶಾಲೆ ಯಾವ ಊರಿನಲ್ಲಿದ್ದರೂ ಆಗಬಹುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತೆರಕಣಾಂಬಿಯ ಅಣ್ಣತಮ್ಮಂದಿರಿಬ್ಬರು. ಅಣ್ಣ ಊರಿನಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ; ತಮ್ಮ ಗುಂಡ್ಲುಪೇಟೆಯಲ್ಲಿ ಅಂಗಡಿಯಿಟ್ಟಿದ್ದಾನೆ. ಇಬ್ಬರಿಗೂ ಒಬ್ಬೊಬ್ಬ ಮಗಳು. ಕುಟುಂಬ ಎರಡು ‘ಎ’ ಪ್ರವರ್ಗಕ್ಕೆ ಸೇರಿದ್ದು. ಅಣ್ಣನ ಮಗಳು ತೆರಕಣಾಂಬಿಯ ಶಾಲೆಯಲ್ಲೇ ಕನ್ನಡದಲ್ಲಿ ಹತ್ತನೆಯ ತರಗತಿ ಮುಗಿಸಿ, ಪಿಯುಸಿಗೆ ಚಾಮರಾಜನಗರಕ್ಕೆ ಬಂದಳು. ತಮ್ಮನ ಮಗಳು ಮೊದಲಿನಿಂದಲೂ ಪೇಟೆಯ ಇಂಗ್ಲಿಷ್ ಶಾಲೆಯಲ್ಲಿ ಕಲಿತು ಅದೇ ಕಾಲೇಜಿಗೆ ಸೇರಿದಳು. ಇಬ್ಬರಿಗೂ ನೀಟ್‌ನಲ್ಲಿ ಹೆಚ್ಚು ಕಡಿಮೆ ಒಂದೇ ರ‍್ಯಾಂಕು ಬಂದಿತೆನ್ನೋಣ.

ಪ್ರಾಧಿಕಾರದ ಪಟ್ಟಿಯಲ್ಲಿ ತಮ್ಮನ ಮಗಳಿಗೆ ತೆರೆಯುವ ಬಾಗಿಲುಗಳು ಎರಡು: ‘ಜಿಎಂ’ ಎಂಬ ಸಾಮಾನ್ಯ ಅಂಕಣ, ‘2ಎಜಿ’ ಎಂಬ ಪ್ರವರ್ಗದ ಅಂಕಣ. ಅಣ್ಣನ ಮಗಳಿಗಾದರೋ ಆರು: ಈ ಎರಡರ ಜೊತೆಗೆ ಗ್ರಾಮೀಣರ ‘ಜಿಎಂಆರ್’ ಮತ್ತು ‘2ಎಆರ್’, ಕನ್ನಡ ಮಾಧ್ಯಮದ ‘ಜಿಎಂಕೆ’ ಮತ್ತು ‘2ಎಕೆ’. ಚಾಮರಾಜನಗರದ ಒಂದೇ ಕಾಲೇಜನ್ನು ತೆಗೆದುಕೊಂಡರೆ, ಸಾಮಾನ್ಯ ಪಾಲಿನ ಗ್ರಾಮೀಣ ಸೀಟುಗಳು ಏಳೆಂಟು, ಕನ್ನಡ ಮಾಧ್ಯಮದವು ಎರಡೋ ಮೂರೋ. ಎರಡು ‘ಎ’ಯಲ್ಲಿ ಗ್ರಾಮೀಣರಿಗೆ ಮೂರು, ಕನ್ನಡಕ್ಕೆ ಒಂದು. ಸಂಖ್ಯೆ ಚಿಕ್ಕದೆಂದು ತೋರಬಹುದು. ರಾಜ್ಯದ ಎಲ್ಲ ಸರ್ಕಾರಿ ಕಾಲೇಜುಗಳನ್ನು ಕೂಡಿಸಿದರೆ ಅದು ಚಿಕ್ಕದಾಗಿ ಉಳಿಯುವುದಿಲ್ಲ.

“ಮಗಳಿಗೆ ಒಳ್ಳೆಯದಾಗಲಿ ಅಂತಲೇ ಪೇಟೆಗೆ ಸೇರಿಸಿದೆ ಅಣ್ಣ, ಅದೇ ಅಡ್ಡ ಬಂತಲ್ಲ” ಎಂದು ತಮ್ಮನಿಗೆ ಅನ್ನಿಸುವುದು ಸಹಜ. ಆದರೆ ಈ ಮೀಸಲಾತಿಯ ಹಿನ್ನೆಲೆಯನ್ನೂ ನೋಡಬೇಕು. 2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 10,20,791. ಸಾಕ್ಷರತೆ ಶೇಕಡ 61.43. ರಾಜ್ಯದ ಸರಾಸರಿ ಆಗ ಶೇಕಡ 75ಕ್ಕೂ ಮೇಲಿತ್ತು. ಐದಾರು ಮೈಲಿ ನಡೆದೋ ಬಸ್ಸು ಕಾದೋ ಶಾಲೆ ಕಲಿತ ಮಗುವಿಗೂ, ಮನೆಯ ಮುಂದೆಯೇ ಶಾಲೆಯೂ ಸಂಜೆಗೆ ಪಾಠದ ಮೇಷ್ಟರೂ ಇದ್ದ ಮಗುವಿಗೂ ಒಂದೇ ಅಂಕ ಬಂದರೆ, ಮೊದಲನೆಯದರ ಹಿಂದೆ ಹೆಚ್ಚಿನ ಶ್ರಮವಿರುತ್ತದೆ ಎಂಬ ನಂಬಿಕೆಯೇ ಈ ನಿಯಮದ ಬುನಾದಿ.

ಇಲ್ಲಿ ನಷ್ಟವಾಗುವುದು ಬಹುಮಟ್ಟಿಗೆ ಅಜ್ಞಾನದಿಂದ. ಬೇಗೂರಿನಲ್ಲೋ ಹಂಗಳದಲ್ಲೋ ಒಂಬತ್ತನೆಯ ತರಗತಿಯವರೆಗೆ ಓದಿಸಿ, ‘ಹತ್ತನೆಯದು ಮುಖ್ಯ’ ಎಂದು ಒಂದೇ ವರ್ಷಕ್ಕೆ ಪೇಟೆಯ ಶಾಲೆಗೆ ಸೇರಿಸುವವರುಂಟು. ಆ ಒಂದು ವರ್ಷದಿಂದ ಒಂಬತ್ತು ವರ್ಷದ ಗ್ರಾಮೀಣ ವ್ಯಾಸಂಗ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಪೇಟೆಗೆ ಸೇರಿಸಬಾರದೆಂದು ಇದರ ಅರ್ಥವಲ್ಲ; ಒಳ್ಳೆಯ ಪಾಠ ಸಿಗುವುದಾದರೆ ಸೇರಿಸುವುದೂ ನ್ಯಾಯವೇ. ಆದರೆ ಏನನ್ನು ಪಡೆಯಲು ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದು ತಿಳಿದಿರಬೇಕು. ಪಿಯುಸಿಯನ್ನು ಎಲ್ಲಿ ಓದಿದರೂ ಈ ಹಕ್ಕಿಗೆ ಬಾಧೆಯಿಲ್ಲವಾದ್ದರಿಂದ, ಹತ್ತನೆಯದನ್ನು ಹಳ್ಳಿಯಲ್ಲಿ ಮುಗಿಸಿ ಅನಂತರ ಪಟ್ಟಣಕ್ಕೆ ಬರುವ ದಾರಿ ತೆರೆದೇ ಇರುತ್ತದೆ.

ಹಕ್ಕಿದ್ದರೆ ಸಾಲದು, ಕಾಗದವೂ ಇರಬೇಕು. ಶಾಲೆಯ ಮುಖ್ಯೋಪಾಧ್ಯಾಯರು ಕೊಡುವ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲಾತಿ ಕೇಳುವುದಾದರೆ ಕೆನೆಪದರಕ್ಕೆ ಸೇರಿದವರಲ್ಲವೆಂಬ ಪತ್ರವನ್ನೂ ತರಬೇಕು. ಎರಡು ಮೂರು ಶಾಲೆ ಬದಲಿಸಿದ ಮಕ್ಕಳು ಪ್ರತಿ ಶಾಲೆಯಿಂದಲೂ ತರಬೇಕಾದ್ದರಿಂದ, ಈ ಕೆಲಸವನ್ನು ಫಲಿತಾಂಶದ ವಾರಕ್ಕೆ ಇಟ್ಟುಕೊಳ್ಳದೆ ಪರೀಕ್ಷೆಗೆ ಮೊದಲೇ ಮುಗಿಸುವುದು ಜಾಣತನ.

ರಾಜ್ಯದ ಆಚೆಯ ಲೆಕ್ಕ

ಗ್ರಾಮೀಣ ಅಂಕಣವೂ ಕನ್ನಡ ಮಾಧ್ಯಮದ ಅಂಕಣವೂ ರಾಜ್ಯದ ಪಾಲಿನ ಸೀಟುಗಳಿಗೆ ಮಾತ್ರ. ಧಾರವಾಡದ ಐ.ಐ.ಟಿ. ಕರ್ನಾಟಕದ ನೆಲದಲ್ಲೇ 2016ರಲ್ಲಿ ಆರಂಭವಾದರೂ ಅಲ್ಲಿ ಈ ಅಂಕಣಗಳಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಷ್ಟು ಹಳೆಯದು. ಪಿಯುಸಿ ಮುಗಿಸಿದವರಿಗೆ ಅದು ನಾಲ್ಕು ವರ್ಷದ ಪದವಿಯ ಬಾಗಿಲು ತೆರೆದದ್ದು 2011ರಲ್ಲಿ. ಅಲ್ಲಿಯೂ ಇವು ಇಲ್ಲ. ಅಲ್ಲಿ ತೆರಕಣಾಂಬಿಯ ಹುಡುಗಿ ದೆಹಲಿಯ, ಹೈದರಾಬಾದಿನ ಮಕ್ಕಳ ಸಾಲಿನಲ್ಲೇ ನಿಲ್ಲಬೇಕು.

ಆ ಸಾಲು ಎಷ್ಟು ಉದ್ದ? 2025ರಲ್ಲಿ ಜೆ.ಇ.ಇ. ಮೇನ್ ಬರೆದವರು ಸುಮಾರು 14.75 ಲಕ್ಷ. ಅವರಲ್ಲಿ ಮುಂದಿನ ಅಡ್ವಾನ್ಸ್ಡ್ ಪರೀಕ್ಷೆಗೆ ಅವಕಾಶ ಪಡೆದವರು ಸುಮಾರು ಎರಡೂವರೆ ಲಕ್ಷ. ಅದರ ಎರಡೂ ಪತ್ರಿಕೆಗಳನ್ನು ಬರೆದವರು ಸುಮಾರು 1.80 ಲಕ್ಷ, ಅರ್ಹರಾದವರು 54,378. ದೇಶದ 23 ಐ.ಐ.ಟಿ.ಗಳಲ್ಲಿದ್ದ ಸೀಟುಗಳು 18,160. ಮೊದಲ ಸಾಲಿನಲ್ಲಿ ನಿಂತ ಎಂಬತ್ತು ಮಂದಿಗೆ ಸರಿಸುಮಾರು ಒಂದು ಸೀಟು. ದೆಹಲಿಯ ಏಮ್ಸ್ ಇನ್ನೂ ಕಡಿದು: ಸಾಮಾನ್ಯ ವರ್ಗಕ್ಕೆ ಅಲ್ಲಿನ ಎಂ.ಬಿ.ಬಿ.ಎಸ್. ಸೀಟುಗಳು ನೀಟ್‌ನ ಮೊದಲ ಐವತ್ತು, ಅರವತ್ತು ರ‍್ಯಾಂಕುಗಳಲ್ಲೇ ಮುಗಿದುಹೋಗುತ್ತ ಬಂದಿವೆ.

ಜೆ.ಇ.ಇ. ಮೇನ್‌ನಲ್ಲಿ ಬರುವ ‘ಪರ್ಸೆಂಟೈಲ್’ ಎಂಬುದು ಶೇಕಡಾವಾರು ಅಂಕವಲ್ಲ. 99 ಪರ್ಸೆಂಟೈಲ್ ಎಂದರೆ ನೂರು ಮಂದಿಯಲ್ಲಿ ಒಬ್ಬನಷ್ಟು ಜನ ಮಾತ್ರ ಮುಂದಿದ್ದಾರೆ ಎಂದರ್ಥ. ಕೇಳಲು ಸೊಗಸಾಗಿದೆ. ಆದರೆ ಹದಿನಾಲ್ಕೂವರೆ ಲಕ್ಷದಲ್ಲಿ ಶೇಕಡ ಒಂದೆಂದರೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಮುಂದಿದ್ದಂತಾಯಿತು.

ಜಾತಿ ಪ್ರಮಾಣಪತ್ರದ ವಿಷಯದಲ್ಲಿಯೂ ಇಲ್ಲಿ ಎಚ್ಚರ ಬೇಕು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯೂ ಕೇಂದ್ರದ ಪಟ್ಟಿಯೂ ಒಂದೇ ಅಲ್ಲ. ರಾಜ್ಯದಲ್ಲಿ ಮೂರು ‘ಎ’, ಮೂರು ‘ಬಿ’ಯಲ್ಲಿರುವವರೆಲ್ಲರೂ ಕೇಂದ್ರದ ಶೇಕಡ 27ರ ಪಾಲಿಗೆ ಬರುವುದಿಲ್ಲ. ಬರುವವರೂ ಕೇಂದ್ರದ ನಮೂನೆಯಲ್ಲೇ ಬೇರೆ ಪತ್ರ ಪಡೆಯಬೇಕು. ತಾಲ್ಲೂಕು ಕಚೇರಿಯಲ್ಲಿ ಒಂದೇ ಪತ್ರ ಪಡೆದು ಎಲ್ಲಕ್ಕೂ ಸಾಕೆಂದು ತಿಳಿದವರು ಕೊನೆಯ ಗಳಿಗೆಯಲ್ಲಿ ಪೇಚಿಗೆ ಸಿಕ್ಕುವುದುಂಟು.

ಪಿಯುಸಿ ಅಂಕವನ್ನು ಮರೆಯಬಾರದು

ಎಂಜಿನಿಯರಿಂಗ್ ಪ್ರವೇಶಕ್ಕೆ ರಾಜ್ಯದ ಸಿಇಟಿ ಬಳಸುವ ತಕ್ಕಡಿಯೇ ಬೇರೆ. ಅದರ ರ‍್ಯಾಂಕಿನಲ್ಲಿ ಅರ್ಧ ಪಾಲು ಸಿಇಟಿಯ ಅಂಕದ್ದು, ಇನ್ನರ್ಧ ಎರಡನೆಯ ಪಿಯುಸಿಯ ಅಂಕದ್ದು. ತರಬೇತಿಯ ಭರದಲ್ಲಿ ಕಾಲೇಜಿನ ಪಾಠವನ್ನು ಕಡೆಗಣಿಸಿದ ಹುಡುಗ ಇಲ್ಲಿ ಹಿಂದೆ ಬೀಳುತ್ತಾನೆ. ದೊಡ್ಡ ತರಬೇತಿಯೇನೂ ಇಲ್ಲದೆ ಪಿಯುಸಿಯಲ್ಲಿ ಚೆನ್ನಾಗಿ ಬರೆದ ಸರ್ಕಾರಿ ಕಾಲೇಜಿನ ಹುಡುಗಿ ಮುಂದೆ ಬರುತ್ತಾಳೆ.

ತಕ್ಕಡಿಯ ಕಲ್ಲನ್ನೇ ಬದಲಿಸಿದ ವರ್ಷವೂ ಒಂದುಂಟು. 2021ರಲ್ಲಿ ಕೋವಿಡ್ ಕಾರಣದಿಂದ ಪಿಯುಸಿ ಪರೀಕ್ಷೆ ನಡೆಯದೆ, ಸಿಇಟಿ ಅಂಕವೊಂದನ್ನೇ ಹಿಡಿದು ರ‍್ಯಾಂಕು ಕೊಟ್ಟರು. 2022ರಲ್ಲಿ ಹಳೆಯ ಸೂತ್ರ ಮರಳಿ ಬಂದಾಗ, ಹಿಂದಿನ ವರ್ಷ ಪಿಯುಸಿ ಮುಗಿಸಿ ಮತ್ತೆ ಸಿಇಟಿ ಬರೆದವರ ಪಿಯುಸಿ ಅಂಕವನ್ನು ಪ್ರಾಧಿಕಾರ ಪರಿಗಣಿಸಲಿಲ್ಲ. ಅವರು ಹೈಕೋರ್ಟಿನ ಮೊರೆಹೊಕ್ಕರು. ಕೊನೆಗೆ ಅವರ ಪಿಯುಸಿ ಅಂಕಗಳಲ್ಲಿ ಸ್ವಲ್ಪ ಕಡಿತಮಾಡಿ ಲೆಕ್ಕಕ್ಕೆ ಹಿಡಿಯುವ ಸೂತ್ರ ಒಪ್ಪಿತವಾಗಿ, ಪರಿಷ್ಕೃತ ರ‍್ಯಾಂಕು ಪಟ್ಟಿ ಪ್ರಕಟವಾಯಿತು. ಒಂದು ವರ್ಷ ಕಾಯುವವರು ನಿಯಮವೂ ಅಷ್ಟರಲ್ಲಿ ಬದಲಾಗಬಹುದೆಂಬುದನ್ನು ಎಣಿಕೆಯಲ್ಲಿ ಇಟ್ಟುಕೊಂಡಿರಬೇಕೆಂಬುದಕ್ಕೆ ಇದೊಂದು ಸಾಕ್ಷಿ.

ಪಟ್ಟಿಯನ್ನು ಓದುವ ಬಗೆ

ಪ್ರತಿವರ್ಷ ಸೀಟು ಹಂಚಿಕೆಯ ಪ್ರತಿ ಸುತ್ತಿನ ನಂತರ ಪ್ರಾಧಿಕಾರವು ಕಾಲೇಜುವಾರು, ವರ್ಗವಾರು ಕೊನೆಯ ರ‍್ಯಾಂಕುಗಳನ್ನು ಪ್ರಕಟಿಸುತ್ತದೆ. ಐ.ಐ.ಟಿ.ಗಳಿಗೂ ಇಂತಹ ಪಟ್ಟಿಯುಂಟು. ಇದನ್ನು ಓದುವಾಗ ನಾಲ್ಕು ಸಂಗತಿಗಳನ್ನು ನೆನಪಿನಲ್ಲಿಡಬೇಕು.

ಮೊದಲನೆಯದು, ತನ್ನ ಅಂಕಣವನ್ನೇ ನೋಡಬೇಕು. ನೆರೆಮನೆಯ ಹುಡುಗನಿಗೆ ಸಿಕ್ಕಿತೆಂಬುದು ಪ್ರಮಾಣವಲ್ಲ. ಅವನ ವರ್ಗ, ಅವನು ಓದಿದ ಊರು ಬೇರೆ ಇರಬಹುದು.

ಎರಡನೆಯದು, ಒಂದೇ ವರ್ಷದ ಪಟ್ಟಿಯನ್ನು ನಂಬಬಾರದು. ಮೂರು ವರ್ಷಗಳದನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡರೆ ರ‍್ಯಾಂಕು ಎಲ್ಲಿಂದ ಎಲ್ಲಿಯವರೆಗೆ ಓಲಾಡುತ್ತದೆಂಬುದು ಕಾಣುತ್ತದೆ. ತನ್ನ ರ‍್ಯಾಂಕು ಮೂರೂ ವರ್ಷದ ಕೊನೆಯ ರ‍್ಯಾಂಕಿಗಿಂತ ಮುಂದಿದ್ದರೆ ಧೈರ್ಯವಾಗಿರಬಹುದು. ಒಂದು ವರ್ಷ ಮುಂದೆ, ಎರಡು ವರ್ಷ ಹಿಂದೆ ಎಂದಾದರೆ ಅದು ಅದೃಷ್ಟದ ಗಡಿ. ಮೂರರಲ್ಲಿಯೂ ಬಹಳ ಹಿಂದಿದ್ದರೆ ಆಸೆಯನ್ನು ಬೇರೆಡೆಗೆ ತಿರುಗಿಸಬೇಕು.

ಮೂರನೆಯದು, ಯಾವ ಸುತ್ತಿನ ಪಟ್ಟಿ ಎಂಬುದನ್ನು ನೋಡಬೇಕು. ಮೊದಲ ಸುತ್ತಿನಲ್ಲಿ ಸೀಟು ಪಡೆದವರಲ್ಲಿ ಕೆಲವರು ಏಮ್ಸ್‌ಗೋ ಅಖಿಲ ಭಾರತ ಪಾಲಿನ ಬೇರೆ ಕಾಲೇಜಿಗೋ ಹೋಗುತ್ತಾರೆ. ಅವರು ಬಿಟ್ಟ ಸೀಟು ಮುಂದಿನ ಸುತ್ತಿನಲ್ಲಿ ಹಿಂದಿನವರಿಗೆ ದಕ್ಕುತ್ತದೆ. ಮೊದಲ ಸುತ್ತಿನಲ್ಲಿ ಹೆಸರು ಬರಲಿಲ್ಲವೆಂದು ಅಳುವುದು ಅವಸರವಾದೀತು.

ನಾಲ್ಕನೆಯದು, ಕಾಲೇಜುಗಳ ಆಯ್ಕೆಯನ್ನು ನಮೂದಿಸುವಾಗ ‘ಸಿಗುವುದನ್ನು ಮೊದಲು, ಬೇಕಾದದ್ದನ್ನು ಆಮೇಲೆ’ ಬರೆಯಬಾರದು. ಗಣಕಯಂತ್ರವು ಅಭ್ಯರ್ಥಿಗಳನ್ನು ರ‍್ಯಾಂಕಿನ ಕ್ರಮದಲ್ಲಿ ತೆಗೆದುಕೊಂಡು, ಪ್ರತಿಯೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ನೋಡುತ್ತ ಹೋಗುತ್ತದೆ. ದುರ್ಲಭವಾದ ಕಾಲೇಜನ್ನು ಮೇಲೆ ಬರೆದದ್ದರಿಂದ ಕೆಳಗಿನದು ಕೈತಪ್ಪುವುದಿಲ್ಲ. ಸಿಗುವುದನ್ನು ಮೇಲೆ ಬರೆದರೆ ಮಾತ್ರ ಬೇಕಾದದ್ದು ತಪ್ಪಿಹೋಗುತ್ತದೆ. ಹಾಗೆಯೇ ಸಿಕ್ಕಿದರೂ ಸೇರಲು ಮನಸ್ಸಿಲ್ಲದ ಕಾಲೇಜನ್ನು ಬರೆಯಲೇಬಾರದು. ಸೀಟು ಬಂದ ಮೇಲೆ ಅದನ್ನು ಒಪ್ಪಿ ಸೇರುವುದೋ, ಒಪ್ಪಿಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದೋ, ಬಿಟ್ಟು ಮುಂದಿನ ಸುತ್ತಿಗೆ ನಿಲ್ಲುವುದೋ, ಪೂರ್ತಿ ಹೊರಬರುವುದೋ ಎಂಬ ನಾಲ್ಕು ದಾರಿಗಳ ಅರ್ಥವನ್ನು ಮನೆಯವರೆಲ್ಲ ಕುಳಿತು ಓದಿ ತಿಳಿದುಕೊಂಡ ಮೇಲೆಯೇ ಗುಂಡಿ ಒತ್ತಬೇಕು.

ಇನ್ನೊಂದು ವರ್ಷವೇ?

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಸೀಟು ಎಟುಕದಿದ್ದರೆ ಏಳುವ ಪ್ರಶ್ನೆ ಒಂದೇ: ಮೈಸೂರಿಗೋ ಬೆಂಗಳೂರಿಗೋ ಮಂಗಳೂರಿಗೋ ಕಳುಹಿಸಿ ಇನ್ನೊಂದು ವರ್ಷ ಓದಿಸುವುದೇ? ತರಬೇತಿಯ ಶುಲ್ಕ, ಹಾಸ್ಟೆಲ್ಲಿನ ಖರ್ಚು ಸೇರಿದರೆ ಅದು ಲಕ್ಷದ ಮಾತು. ತರಬೇತಿ ಕೇಂದ್ರಗಳ ಜಾಹೀರಾತಿನಲ್ಲಿ ಗೆದ್ದ ಹತ್ತು ಮಕ್ಕಳ ನಗುಮುಖವಿರುತ್ತದೆ. ಸೇರಿದ್ದವರು ಎಷ್ಟು ಮಂದಿ ಎಂಬ ಸಂಖ್ಯೆ ಇರುವುದಿಲ್ಲ. ಆ ಸಂಖ್ಯೆಯನ್ನು ಕೇಳಿ ತಿಳಿಯದೆ ಹಣ ಕಟ್ಟಬಾರದು.

ಇಲ್ಲಿಯೂ ಭಾವೋದ್ರೇಕಕ್ಕಿಂತ ಎಣಿಕೆ ಮೇಲು. ನೀಟ್‌ನಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ. ತಪ್ಪಿಗೆ ಒಂದು ಕಳೆಯುತ್ತಾರೆ. ನಲವತ್ತು ಅಂಕದ ಕೊರತೆಯೆಂದರೆ 180 ಪ್ರಶ್ನೆಗಳಲ್ಲಿ, ಬಿಟ್ಟುಬಂದ ಹತ್ತಕ್ಕೆ ಸರಿಯುತ್ತರ ಬರೆದಿದ್ದರೆ ತುಂಬುತ್ತಿದ್ದ ಕೊರತೆ. ತಪ್ಪಾಗಿ ಬರೆದವನ್ನು ಸರಿಪಡಿಸಿಕೊಂಡಿದ್ದರೆ ಎಂಟೇ ಸಾಕಿತ್ತು. ಪರೀಕ್ಷೆಯ ಉತ್ತರಪತ್ರಿಕೆಯ ಪ್ರತಿಯೂ ಉತ್ತರಸೂಚಿಯೂ ಅಭ್ಯರ್ಥಿಗೆ ದೊರೆಯುತ್ತವೆ. ಅವನ್ನು ಮುಂದಿಟ್ಟುಕೊಂಡು ನೋಡಬೇಕು. ತಪ್ಪುಗಳು ಅವಸರದಿಂದ ಆದವೋ, ಓದದೆ ಬಿಟ್ಟ ಎರಡು ಮೂರು ಅಧ್ಯಾಯಗಳಿಂದ ಆದವೋ, ಅಥವಾ ಭೌತಶಾಸ್ತ್ರವೇ ತಲೆಗೆ ಹತ್ತದ್ದರಿಂದ ಆದವೋ? ಮೊದಲ ಎರಡಾದರೆ ಒಂದು ವರ್ಷದಲ್ಲಿ ತಿದ್ದಬಹುದು. ಮೂರನೆಯದಾದರೆ, ಅದೇ ವಿಷಯವನ್ನು ಅದೇ ಬಗೆಯಲ್ಲಿ ಇನ್ನೊಂದು ವರ್ಷ ಓದಿಸುವುದು ಮಗುವಿಗೆ ಶಿಕ್ಷೆಯಾದೀತು. ಜೆ.ಇ.ಇ. ಅಡ್ವಾನ್ಸ್ಡ್‌ಗೆ 2025ರ ನಿಯಮದಂತೆ ಸತತ ಎರಡು ವರ್ಷಗಳಲ್ಲಿ ಎರಡೇ ಅವಕಾಶ. ನೀಟ್‌ಗೆ ಅಂತಹ ಮಿತಿಯಿಲ್ಲ; ಮಿತಿಯಿಲ್ಲದ್ದರಿಂದಲೇ ಮನೆಯವರು ತಾವೇ ಒಂದು ಮಿತಿಯನ್ನು ಮೊದಲು ಗೊತ್ತುಪಡಿಸಿಕೊಳ್ಳುವುದು ಒಳಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಲೆಕ್ಕ ಅನೇಕ ವೇಳೆ ಆರಂಭವೇ ಆಗುವುದಿಲ್ಲ. ಮಗನಿಗೆ ಎರಡು ವರ್ಷ ಕಾಯಲು ಸಿದ್ಧವಿರುವ ಮನೆ, ಮಗಳು ಹತ್ತು ಪ್ರಶ್ನೆಯ ಅಂತರದಲ್ಲಿ ನಿಂತಿದ್ದರೂ ‘ಹುಡುಗಿಗೆ ಇನ್ನೊಂದು ವರ್ಷವೇ?’ ಎನ್ನುತ್ತದೆ. ಉತ್ತರಪತ್ರಿಕೆಯ ಮೇಲೆ ಮಗ, ಮಗಳು ಎಂದು ಬರೆದಿರುವುದಿಲ್ಲ. ಯಾರ ಅಂತರ ಕಡಿಮೆಯೋ ಅವರಿಗೆ ಆ ವರ್ಷ ಸಲ್ಲಬೇಕು.

ಕಾಯದಿರುವುದೂ ಸೋಲಲ್ಲ. ಅದೇ ನೀಟ್ ರ‍್ಯಾಂಕಿನಿಂದ ಆಯುರ್ವೇದಕ್ಕೆ ಹೋಗಬಹುದು. ಸಿಇಟಿಯ ಮೂಲಕ ಪಶುವೈದ್ಯಕೀಯ, ಕೃಷಿ, ನರ್ಸಿಂಗ್ ಪದವಿಗಳಿಗೆ ದಾರಿಯುಂಟು. ಕೃಷಿ ಪದವಿಯಲ್ಲಿ ಬೇಸಾಯಗಾರರ ಮಕ್ಕಳಿಗೆ ಪ್ರತ್ಯೇಕ ಪಾಲಿದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಅರಿಶಿನದ ಗೆಡ್ಡೆಯನ್ನೂ ಜೋಳದ ತಳಿಯನ್ನೂ ಕಂಡು ಬೆಳೆದ ಮಗುವಿಗೆ ಅದೊಂದು ಅನುಕೂಲ. ಚಾಮರಾಜನಗರದಲ್ಲೇ ಕೃಷಿ ಕಾಲೇಜಿದೆ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾನಿಲಯವಾಗಿದೆ.

ಒಂದು ಹಾಳೆ, ಒಂದು ಪೆನ್ನು, ಮೂರು ವರ್ಷದ ಪಟ್ಟಿ, ಮಗುವಿನ ವ್ಯಾಸಂಗ ಪತ್ರಗಳು, ಇವು ಮುಂದಿದ್ದರೆ ಯಾವ ಮನೆಯಾದರೂ ಒಂದು ಸಂಜೆಯಲ್ಲಿ ತನ್ನ ಉತ್ತರವನ್ನು ತಾನೇ ಕಂಡುಕೊಳ್ಳಬಹುದು. ಆ ಸಂಜೆ ಮಗುವೂ ಜೊತೆಯಲ್ಲಿ ಕುಳಿತಿರಬೇಕು. ಹದಿನೆಂಟರ ಹರೆಯದವರಿಗೆ ‘ನಿನ್ನಿಂದಾಗದು’ ಎಂಬ ಮಾತು ಬಹಳ ನೋವು ತರುತ್ತದೆ. ‘ಈ ಅಂಕಣದಲ್ಲಿ ಇಷ್ಟೇ ಸೀಟುಗಳಿದ್ದವು, ನಿನ್ನ ಮುಂದೆ ಇಷ್ಟು ಮಂದಿ ಇದ್ದರು’ ಎಂಬ ಮಾತನ್ನು ಅವರು ಕೇಳಬಲ್ಲರು, ಕೇಳಿ ಮುಂದಿನದನ್ನು ಯೋಚಿಸಬಲ್ಲರು.